ಜ್ವರ ಬಿಟ್ಟಿದೆ, ಕೆಮ್ಮು ಬಿಡುತ್ತಿಲ್ಲ. ಆಂಟಿಬಯಾಟಿಕ್ ಬೇಕಾ?

ಪ್ರಶ್ನೆ: ನನಗೆ 38 ವರ್ಷ. ರಾಜಾಜಿನಗರದಿಂದ ದಿನಾ ಬೈಕ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತೇನೆ. ನೆಗಡಿ, ಜ್ವರ ಬಂದಿತ್ತು. ಜ್ವರ ಬೇಗ ಹೋಯಿತು. ಹತ್ತು ದಿನವಾದರೂ ಕೆಮ್ಮು ನಿಂತಿಲ್ಲ, ಕಫ ಹಳದಿಯಾಗಿದೆ. ಡಾಕ್ಟರು ವೈರಲ್ ಬ್ರಾಂಕೈಟಿಸ್ ಅಂದರು, ಆಂಟಿಬಯಾಟಿಕ್ ಕೊಡಲಿಲ್ಲ. ಹಾಗೇ ವಾಸಿಯಾಗುತ್ತಾ?

ಉತ್ತರ: ಆಗುತ್ತದೆ. ಆದರೆ ನೀವು ಅಂದುಕೊಂಡಷ್ಟು ಬೇಗ ಅಲ್ಲ. ಈ ಕೆಮ್ಮು ವಾರದಲ್ಲಿ ಹೋಗಬೇಕು ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಸರಾಸರಿ 18 ದಿನ ಇರುತ್ತದೆ.

ಹತ್ತರಲ್ಲಿ ಒಂಬತ್ತು ಬ್ರಾಂಕೈಟಿಸ್‌ಗೆ ವೈರಸ್ಸೇ ಕಾರಣ. ನೆಗಡಿ, ಫ್ಲೂ ತರುವ ಅದೇ ವೈರಸ್‌ಗಳು ಗಂಟಲಿನಿಂದ ಕೆಳಗಿಳಿದು ಶ್ವಾಸನಾಳಕ್ಕೆ ಹೋಗುತ್ತವೆ. ಅಲ್ಲಿನ ಒಳಪದರ ಊದಿಕೊಳ್ಳುತ್ತದೆ, ಅದೇ ಬ್ರಾಂಕೈಟಿಸ್. ಧೂಳು, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಉದುರುತ್ತವೆ. ವೈರಸ್ ಹೋದ ಮೇಲೂ ಆ ಪದರ, ತರಚಿದ ಮೊಣಕಾಲಿನ ಹಾಗೆ, ಮಾಯಲು ವಾರಗಳು ಬೇಕು. ಅಲ್ಲಿಯವರೆಗೆ ಒಗ್ಗರಣೆಯ ಘಾಟು, ಊದಿನಕಡ್ಡಿ ಹೊಗೆ, ಮುಂಜಾನೆಯ ತಣ್ಣನೆ ಗಾಳಿ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಂದಿನ ಬಸ್ಸಿನ ಹೊಗೆ ಎಲ್ಲವೂ ಕೆಮ್ಮು ಎಬ್ಬಿಸುತ್ತವೆ. ಬೈಕ್‌ನಲ್ಲಿ ಮಾಸ್ಕ್ ಹಾಕಿ. ಸಿಗರೇಟ್ ಇದ್ದರೆ ಈಗಲಾದರೂ ಬಿಡಿ.

ಕಫದ ಬಣ್ಣಕ್ಕೆ ಹೆದರಬೇಡಿ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಂದ ಆ ಹಳದಿ, ಹಸಿರು ಬರುತ್ತದೆ. ವೈರಸ್ ಸೋಂಕಿನಲ್ಲೂ ಹಾಗೇ. ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ತೆಗೆದುಕೊಂಡವರಿಗೆ ಕೆಮ್ಮು ಹೆಚ್ಚೆಂದರೆ ಅರ್ಧ ದಿನ ಬೇಗ ನಿಲ್ಲುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಅದಕ್ಕಾಗಿ ಭೇದಿ, ವಾಕರಿಕೆ ಯಾಕೆ? ನಿಮ್ಮ ಡಾಕ್ಟರು ಸರಿಯಾಗೇ ಮಾಡಿದ್ದಾರೆ. ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿ ಇಲ್ಲದೆ ಸ್ಟ್ರಿಪ್ ಕೊಟ್ಟರೂ ಬೇಡ ಅನ್ನಿ.

ಬಿಸಿನೀರು, ತಿಳಿಸಾರು, ಮೆಣಸು-ಶುಂಠಿ ಕಷಾಯ ಗಂಟಲಿಗೆ ಹಿತ. ಕಾಯಿಲೆ ಬೇಗ ಹೋಗುವುದಿಲ್ಲ, ಆದರೆ ಆರಾಮ ಸಿಗುತ್ತದೆ. ರಾತ್ರಿ ಒಂದು ಚಮಚ ಜೇನುತುಪ್ಪ ಒಳ್ಳೆಯದು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ, ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಿಮ್ಮ ಸಿರಪ್ಪನ್ನೇ ಅವರಿಗೂ ಕುಡಿಸಬೇಡಿ. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಔಷಧಿ ಬರೆಯಬಾರದು ಅಂತ ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಹೇಳಿದೆ.

ಏದುಸಿರು, ಉಸಿರೆಳೆದಾಗ ಎದೆನೋವು, ಕಫದಲ್ಲಿ ರಕ್ತ, ಬಿಟ್ಟ ಜ್ವರ ಮತ್ತೆ ಏರುವುದು, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 94ಕ್ಕಿಂತ ಕಡಿಮೆ ಬರುವುದು: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಅದು ನ್ಯುಮೋನಿಯಾ ಇರಬಹುದು. ವಯಸ್ಸಾದವರು, ಅಸ್ತಮಾ ಇರುವವರು ಇನ್ನೂ ಬೇಗ ತೋರಿಸಬೇಕು.

ಕೆಮ್ಮು 18 ದಿನ ಇರುವುದು ಸಹಜ ಅಂದೆ. ಆದರೆ ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ. ಗೊಂದಲ ಅನ್ನಿಸುತ್ತೆ ಅಲ್ವಾ? ಹಾಗೆ ಕೆಮ್ಮುವವರಲ್ಲಿ ಹೆಚ್ಚಿನವರಿಗೆ ಟಿಬಿ ಇರುವುದಿಲ್ಲ, ನಿಜ. ಆದರೂ ಇಲ್ಲಿ ಟಿಬಿ ಜಾಸ್ತಿ, ತಡವಾಗಿ ಗೊತ್ತಾದರೆ ಮನೆಯವರಿಗೂ ಹರಡುತ್ತದೆ. ನಿಮಗೆ ಎರಡು ವಾರ ತುಂಬಲು ಇನ್ನು ನಾಲ್ಕು ದಿನ ಇದೆ. ಆಗಲೂ ಕೆಮ್ಮು ಇದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಫ ಪರೀಕ್ಷೆ ಉಚಿತ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಆಳದಿಂದ ಕೆಮ್ಮಿ ತೆಗೆದ ಕಫ ಕೊಡಿ. ಬರೀ ಎಂಜಲು ಕೊಟ್ಟರೆ ಪ್ರಯೋಜನವಿಲ್ಲ.