ಫೋನ್ ಸಾಕೆಟ್ ಒಂದು ಕಡೆ, ರೂಟರ್ ಇನ್ನೊಂದು ಕಡೆ: ಯಾವ ವೈರ್ ಎಳೆಯಬೇಕು?

ಫೋನ್ ಸಾಕೆಟ್ ಇರುವುದು ಮುಂಬಾಗಿಲ ಪಕ್ಕದಲ್ಲಿ, ರೂಟರ್ ಬೇಕಿರುವುದು ಒಳಗಿನ ಕೋಣೆಯಲ್ಲಿ. ನಡುವೆ 20 ಮೀಟರ್. ಬಿಎಸ್‌ಎನ್‌ಎಲ್‌ನ ತಾಮ್ರದ ಲ್ಯಾಂಡ್‌ಲೈನ್ ಮೇಲೆ ಬರುವ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಅಂದುಕೊಂಡು ಈ ಲೆಕ್ಕ ನೋಡೋಣ. ಅಂಗಡಿಗೆ ಹೋಗಿ 20 ಮೀಟರ್ ಟೆಲಿಫೋನ್ ವೈರ್ ತಂದರೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಅದನ್ನು ತರುವ ಮುಂಚೆ ಆ ವೈರಿನಲ್ಲಿ ಏನು ಹರಿಯುತ್ತದೆ ಅಂತ ನೋಡಿ.

ಸಿಗ್ನಲ್ ಎಲ್ಲಿ ಸೊರಗುತ್ತದೆ

ಫೋನಿನ ಮಾತಿಗೆ 4 ಕಿಲೋಹರ್ಟ್ಸ್ ಸಾಕು. ಅದೇ ಜೋಡಿ ತಂತಿಯಲ್ಲಿ ಎಡಿಎಸ್‌ಎಲ್ ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್ ತನಕ ಓಡುತ್ತದೆ. ಎಡಿಎಸ್‌ಎಲ್2+ ಆದರೆ 2.2 ಮೆಗಾಹರ್ಟ್ಸ್ ತನಕ. ಇಷ್ಟೂ ಜಾಗವನ್ನು 4.3125 ಕಿಲೋಹರ್ಟ್ಸ್ ಅಂತರದ ಸಣ್ಣ ಟೋನ್‌ಗಳಾಗಿ ಹಂಚಿರುತ್ತಾರೆ. ಒಂದೊಂದು ಟೋನ್ ಹೆಚ್ಚೆಂದರೆ 15 ಬಿಟ್ ಹೊರುತ್ತದೆ. ಗದ್ದಲ, ಅಂದರೆ ಹೊರಗಿನಿಂದ ಸಿಗ್ನಲ್ಲಿಗೆ ಬೆರೆಯುವ ವಿದ್ಯುತ್ ಅಡಚಣೆ, ಜಾಸ್ತಿಯಾದಷ್ಟೂ ಆ ಸಂಖ್ಯೆ ಇಳಿಯುತ್ತದೆ.

ಎಕ್ಸ್‌ಚೇಂಜ್‌ನಿಂದ ಎರಡು ಮೂರು ಕಿಲೋಮೀಟರ್ ದೂರ ಬರುವಷ್ಟರಲ್ಲಿ ಸಿಗ್ನಲ್ ಸಾಕಷ್ಟು ಸೊರಗಿರುತ್ತದೆ. ಅದರಲ್ಲಿ ಇನ್ನು 20 ಮೀಟರ್ ಸೇರಿದರೆ ಆಗುವ ನಷ್ಟ ಲೆಕ್ಕಕ್ಕೇ ಇಲ್ಲ. ಆದರೆ ಆ ಕೊನೆಯ 20 ಮೀಟರಿನಲ್ಲಿ ಒಳಗೆ ನುಗ್ಗುವ ಗದ್ದಲ ಎದುರಾಗುವುದು ಅತಿ ದುರ್ಬಲ ಸಿಗ್ನಲ್ಲಿಗೆ. ಹೀಗಾಗಿ ವೈರಿನ ಉದ್ದಕ್ಕಿಂತ ಅದು ಎಂಥ ವೈರ್ ಅನ್ನುವುದೇ ಇಲ್ಲಿ ಮುಖ್ಯ.

ಹುರಿಯ ಕೆಲಸ

ಚಪ್ಪಟೆ ಟೆಲಿಫೋನ್ ವೈರ್ ಸುಲಿದು ನೋಡಿ. ಒಳಗೆ ಎರಡು ತಂತಿ ರೈಲು ಹಳಿಯ ಹಾಗೆ ನೇರ ಮಲಗಿರುತ್ತವೆ. ಪಕ್ಕದಲ್ಲಿ ಇನ್ವರ್ಟರ್ ವೈರೋ ಫ್ಯಾನ್ ರೆಗ್ಯುಲೇಟರೋ ಇದ್ದರೆ, ಹತ್ತಿರದ ತಂತಿಗೆ ಗದ್ದಲ ಜಾಸ್ತಿ, ಆಚೆಯದಕ್ಕೆ ಕಡಿಮೆ. ಮೋಡೆಮ್ (ರೂಟರ್ ಪೆಟ್ಟಿಗೆಯಲ್ಲಿ ಫೋನ್ ಲೈನಿನ ಸಿಗ್ನಲ್ ಓದುವ ಭಾಗ) ಓದುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು. ಹೀಗಾಗಿ ಆ ಗದ್ದಲವೂ ಸಿಗ್ನಲ್ ಜೊತೆಗೇ ಒಳಗೆ ಬರುತ್ತದೆ.

ಈಗ ಕಂಪ್ಯೂಟರ್ ನೆಟ್‌ವರ್ಕಿಗೆ ಬಳಸುವ ಕ್ಯಾಟ್5ಇ ಕೇಬಲ್ ಸುಲಿಯಿರಿ. ನಾಲ್ಕು ಜೋಡಿ, ಪ್ರತಿ ಜೋಡಿಯೂ ಹುರಿ ಹೊಸೆದದ್ದು. ಎರಡೂ ತಂತಿ ಸರದಿಯ ಮೇಲೆ ಗದ್ದಲದ ಹತ್ತಿರ ಬರುವುದರಿಂದ ಎರಡಕ್ಕೂ ಹೆಚ್ಚುಕಡಿಮೆ ಸಮ ಪಾಲು. ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗುತ್ತದೆ. ಇದೇನೂ ಹೊಸ ಜಾಣತನವಲ್ಲ, ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ಫೋನ್ ಕಡೆ ಉದ್ದ ಮಾಡಲೇಬೇಕಾದರೆ ಕ್ಯಾಟ್5ಇ ಹಾಕಿ. ಅದಕ್ಕಿಂತ ಮೇಲಿನ ದರ್ಜೆಯ ಕ್ಯಾಟ್6ಗೆ ಸುಮ್ನೆ ದುಡ್ಡು ಸುರಿಯಬೇಡಿ, 2.2 ಮೆಗಾಹರ್ಟ್ಸ್‌ಗೆ ಅದರಿಂದ ಏನೂ ಲಾಭವಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಆದರೆ ಸ್ಕ್ರೂ ಬಿಗಿಮಾಡುವಾಗ ತಂತಿ ಪಟ್ ಅಂತ ಮುರಿಯುತ್ತದೆ. ಶುದ್ಧ ತಾಮ್ರದ್ದೇ ಕೇಳಿ ತನ್ನಿ.

ಜೋಡಿಸುವಾಗ ನೀಲಿ ಮತ್ತು ಬಿಳಿ-ನೀಲಿ ಎರಡನ್ನೂ ಒಂದೇ ಜೋಡಿಯಿಂದ ತೆಗೆದುಕೊಳ್ಳಿ. ಒಂದು ಜೋಡಿಯ ನೀಲಿ, ಇನ್ನೊಂದರ ಕಿತ್ತಳೆ ಹಿಡಿದರೆ ಫೋನ್ ಮಾಮೂಲಿಯಾಗಿ ಮಾತಾಡುತ್ತದೆ, ಟೆಸ್ಟರ್ ಕೂಡ ಸರಿ ಅನ್ನುತ್ತದೆ, ಆದರೆ ಹುರಿಯ ಲಾಭ ಪೂರ್ತಿ ಹೋಯಿತು. ಸ್ಕ್ರೂ ಹತ್ತಿರ ಅರ್ಧ ಇಂಚಿಗಿಂತ ಜಾಸ್ತಿ ಹುರಿ ಬಿಚ್ಚಬೇಡಿ. ಎರಡರಲ್ಲಿ ಯಾವುದು ಯಾವ ಸ್ಕ್ರೂಗೆ ಅನ್ನುವುದು ಮುಖ್ಯವಲ್ಲ, ಅದಲುಬದಲಾದರೂ ಎಡಿಎಸ್‌ಎಲ್ ನಡೆಯುತ್ತದೆ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ತೂರಿಸಬೇಡಿ. ಗದ್ದಲಕ್ಕಿಂತ ದೊಡ್ಡ ಅಪಾಯ ಅದು.

ಆದರೆ ಮೊದಲ ಆಯ್ಕೆ ಬೇರೆ

ಮೋಡೆಮನ್ನು ಸಾಕೆಟ್ ಪಕ್ಕದಲ್ಲೇ ಇಟ್ಟು, ಅಲ್ಲಿಂದ ಒಳಗೆ ಲ್ಯಾನ್ ಕೇಬಲ್ ಎಳೆದುಬಿಡಿ. ಅದೇ ಕ್ಯಾಟ್5ಇ 100 ಮೀಟರ್ ತನಕ 1 ಗಿಗಾಬಿಟ್ ಒಯ್ಯುತ್ತದೆ. ನಿಮ್ಮ ಲೈನಿನ ಗರಿಷ್ಠವೇ 24 ಮೆಗಾಬಿಟ್. ಒಳಗಿನ ಕೋಣೆಗೆ ವೈಫೈ ಬೇಕಾದರೆ ಆ ತುದಿಗೆ ಒಂದು ಆಕ್ಸೆಸ್ ಪಾಯಿಂಟ್ ಕೂರಿಸಿ. ಮೋಡೆಮ್ ಬಳಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಮಾತ್ರ ಫೋನ್ ಕಡೆ ಎಳೆಯುವ ಮಾತು. ಆಗ ಫೋನಿನ ಮಾತನ್ನೂ ಇಂಟರ್ನೆಟ್ ಸಿಗ್ನಲನ್ನೂ ಬೇರ್ಪಡಿಸುವ ಸ್ಪ್ಲಿಟರ್ ಸಾಕೆಟ್ ಹತ್ತಿರವೇ ಇರಲಿ, ಅದರ ಮೋಡೆಮ್ ತೂತಿನಿಂದ ಉದ್ದನೆಯ ಕೇಬಲ್ ಹೋಗಲಿ.

ಹಳೇ ಮನೆಗಳಲ್ಲಿ ಇನ್ನೊಂದು ಕಾಟ ಇರುತ್ತದೆ. ಮಹಡಿಗೆ ಯಾವಾಗಲೋ ಎಳೆದ ಎಕ್ಸ್‌ಟೆನ್ಷನ್, ಈಗ ಅದರ ತುದಿಯಲ್ಲಿ ಏನೂ ಇಲ್ಲ. ಸಿಗ್ನಲ್ ಆ ಖಾಲಿ ತುದಿಗೆ ಹೋಗಿ ಬಡಿದು ವಾಪಸ್ ಬರುತ್ತದೆ. 30 ಮೀಟರ್ ಕವಲಾದರೆ ಸುಮಾರು 1.6 ಮೆಗಾಹರ್ಟ್ಸ್ ಹತ್ತಿರದ ಟೋನ್‌ಗಳು ಕುಸಿಯುತ್ತವೆ. ಅಂಥ ಕವಲನ್ನು ಬುಡದಲ್ಲೇ ಬಿಡಿಸಿಬಿಡಿ.

ಅಳೆದು ನೋಡಿ

ಮೊದಲು ಮೋಡೆಮನ್ನು ಗಿಡ್ಡ ವೈರಿನಲ್ಲಿ ಸಾಕೆಟ್ಟಿಗೇ ಹಾಕಿ. ಬ್ರೌಸರಿನಲ್ಲಿ ಅದರ ಪುಟ ತೆರೆಯಿರಿ, ಹೆಚ್ಚಾಗಿ 192.168.1.1. ಡೌನ್‌ಸ್ಟ್ರೀಮ್ ವೇಗ (ನಿಮ್ಮ ಕಡೆಗೆ ಬರುವ ಡೇಟಾದ ವೇಗ), ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲದ ಎದುರು ಸಿಗ್ನಲ್ಲಿಗೆ ಉಳಿದಿರುವ ಅಂತರ, ಡೆಸಿಬೆಲ್‌ನಲ್ಲಿ) ಎರಡನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಉದ್ದನೆಯ ಕೇಬಲ್ ಹಾಕಿ ಮತ್ತೆ ನೋಡಿ. ಮಾರ್ಜಿನ್ ಒಂದು ಡೆಸಿಬೆಲ್ ಅತ್ತಿತ್ತ ಆದರೆ ಚಿಂತೆಯಿಲ್ಲ. ಮಾರ್ಜಿನ್ 6ಕ್ಕಿಂತ ಕೆಳಗಿಳಿದರೆ ಸಂಪರ್ಕ ಆಗಾಗ ಕಡಿಯುವ ಸಂಭವ ಜಾಸ್ತಿ. ಎರಡನ್ನೂ ಸಂಜೆ, ಮನೆಯ ಫ್ಯಾನು ದೀಪಗಳೆಲ್ಲ ಉರಿಯುವ ಹೊತ್ತಿನಲ್ಲೇ ಅಳೆಯಿರಿ. ಮಧ್ಯಾಹ್ನ ಚೆನ್ನಾಗಿ ಕಂಡ ಲೈನು ಆಗ ತನ್ನ ನಿಜರೂಪ ತೋರಿಸುತ್ತದೆ.