ಐಕ್ಯೂ ಅಂಕದ ಒಳಲೆಕ್ಕ

ಬುದ್ಧಿ ಎಂದರೇನು ಎಂಬುದರ ಬಗ್ಗೆ ಮನಶ್ಶಾಸ್ತ್ರಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಬುದ್ಧಿ ಪರೀಕ್ಷೆ ಏನನ್ನು ಅಳೆಯುತ್ತದೋ ಅದೇ ಬುದ್ಧಿ ಎಂದು ಅಮೆರಿಕದ ಎಡ್ವಿನ್ ಬೋರಿಂಗ್ 1923ರಲ್ಲಿ ಹೇಳಿದ್ದು ಕುಹಕದಂತೆ ಕೇಳಿಸುತ್ತದೆ. ಆದರೆ ನಡೆದದ್ದೂ ಹಾಗೆಯೇ: ವ್ಯಾಖ್ಯೆ ಸಿದ್ಧವಾಗುವ ಮೊದಲೇ ಅಳತೆ ಶುರುವಾಗಿತ್ತು. ಆ ಅಳತೆಯ ಅಂಕವೇ ಐಕ್ಯೂ (ಬುದ್ಧಿಲಬ್ಧ).

ಪ್ಯಾರಿಸ್ಸಿನ ಶಾಲೆಗಳಲ್ಲಿ ಪಾಠ ಹತ್ತದ ಮಕ್ಕಳನ್ನು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ 1905ರಲ್ಲಿ 30 ಪ್ರಶ್ನೆ-ಚಟುವಟಿಕೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದರು. 1908ರಲ್ಲಿ ಅವನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿದರು. ಇದು ಅಮೆರಿಕದಲ್ಲಿ ಪರಿಷ್ಕಾರಗೊಂಡು, ವಿ. ವಿ. ಕಾಮತ್ ಅವರ ಕೈಯಲ್ಲಿ ಧಾರವಾಡದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಕೊಂಡಿತು. 1930ರ ದಶಕದ ಆ ಬಿನೆ-ಕಾಮತ್ ಪರೀಕ್ಷೆ ದಶಕಗಳ ಕಾಲ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿ ಉಳಿಯಿತು.

ಇಂಥ ಪರೀಕ್ಷೆಯ ಲೆಕ್ಕ ಹೀಗೆ. ಒಂದೊಂದು ವಯಸ್ಸಿಗೆ ಆರು ಪ್ರಶ್ನೆ, ಒಂದು ಸರಿಯುತ್ತರಕ್ಕೆ ಎರಡು ತಿಂಗಳು. ಎಂಟು ತುಂಬಿದ ಹುಡುಗಿ ಆರನೇ ವಯಸ್ಸಿನ ಆರಕ್ಕೆ ಆರನ್ನೂ ಬಿಡಿಸಿದಳು ಎನ್ನಿ. ಅದು ಅವಳ ತಳಹದಿ, 72 ತಿಂಗಳು. ಏಳರಲ್ಲಿ ನಾಲ್ಕು, ಎಂಟರಲ್ಲಿ ಎರಡು, ಒಂಬತ್ತರಲ್ಲಿ ಒಂದು ಸರಿಯಾಯಿತು, ಹತ್ತರಲ್ಲಿ ಒಂದೂ ಇಲ್ಲ. ಅಲ್ಲಿಗೆ ಪರೀಕ್ಷೆ ನಿಲ್ಲುತ್ತದೆ. ಏಳು ಉತ್ತರಕ್ಕೆ 14 ತಿಂಗಳು ಸೇರಿಸಿದರೆ ಮಾನಸಿಕ ವಯಸ್ಸು 86 ತಿಂಗಳು. ನಿಜ ವಯಸ್ಸಾದ 96ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಐಕ್ಯೂ 90.

ಹಳ್ಳಿಯ ಶಾಲೆಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆಯುವ ರೂಢಿ ಬಲ್ಲವರಿಗೆ ಇಲ್ಲಿನ ಅಪಾಯ ಥಟ್ಟನೆ ಹೊಳೆಯುತ್ತದೆ. ದಾಖಲೆಯಲ್ಲಿ ಅವಳ ವಯಸ್ಸು ಎಂಟು ತಿಂಗಳು ಕಡಿಮೆಯಾಗಿದ್ದರೆ ಅದೇ ಉತ್ತರಗಳಿಗೆ ಐಕ್ಯೂ 98. ಹಾಗಾಗಿ ಪರೀಕ್ಷಕರು ದಾಖಲೆಯ ಜೊತೆಗೆ, ಯಾವ ಹಬ್ಬದ ಆಸುಪಾಸು ಹುಟ್ಟಿದ್ದು ಎಂದು ತಾಯಿಯನ್ನೂ ಕೇಳಬೇಕು.

ಪರೀಕ್ಷೆ ನಡೆಸುವ ರೀತಿಯಲ್ಲೂ ಅಂಕ ಜಾರುತ್ತದೆ. ಕೇಳಿದ ಅಂಕಿಗಳನ್ನು ಮಗು ಮರಳಿ ಹೇಳಬೇಕಾದ ಅಂಕಿ ನೆನಪಿನ ಭಾಗದಲ್ಲಿ ಸೆಕೆಂಡಿಗೆ ಒಂದು ಅಂಕಿಯಂತೆ ಏರಿಳಿತವಿಲ್ಲದೆ ಓದಬೇಕು. 'ನಾಲ್ಕು-ಏಳು, ಎರಡು-ಒಂಬತ್ತು' ಎಂದು ಜೋಡಿ ಮಾಡಿ ರಾಗವಾಗಿ ಓದಿದರೆ ನೆನಪಿಡುವುದು ಸಲೀಸು. ತಲೆಯಾಡಿಸಿ 'ಹ್ಞೂಂ' ಎನ್ನುವುದೂ ಸುಳಿವೇ. ಉಚ್ಚರಿಸಲು ಹೆಚ್ಚು ಹೊತ್ತು ಹಿಡಿಯುವ ಪದಗಳು ನೆನಪಿನಲ್ಲಿ ಕಡಿಮೆ ಹಿಡಿಸುತ್ತವೆ. ಇಂಗ್ಲಿಷ್ ಅಂಕಿಗಳು ಹೆಚ್ಚಾಗಿ ಒಂದೇ ಉಚ್ಚಾರಾಂಶದವು (ಸಿಲಬಲ್), ಕನ್ನಡದವು ಕನಿಷ್ಠ ಎರಡರವು. ಯಾವ ಭಾಷೆಯಲ್ಲಿ ಓದಲಾಯಿತು ಎಂದು ವರದಿಯಲ್ಲಿ ಬರೆಯದಿದ್ದರೆ ಆ ಅಂಕವನ್ನು ಇನ್ನೊಬ್ಬರದಕ್ಕೆ ಹೋಲಿಸುವುದು ತಪ್ಪು.

ಭಾಗಾಕಾರದ ಐಕ್ಯೂ ದೊಡ್ಡವರ ಮುಂದೆ ಸೋತಿತು. ನಲವತ್ತರವರು ಇಪ್ಪತ್ತರವರಷ್ಟೇ ಚೆನ್ನಾಗಿ ಉತ್ತರಿಸಿದರೆ 50 ಎನ್ನಬೇಕೇ? ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ವೆಕ್ಸ್ಲರ್ 1939ರಲ್ಲಿ ಭಾಗಾಕಾರವನ್ನೇ ಕೈಬಿಟ್ಟು, ಸಮವಯಸ್ಕರ ಗುಂಪಿನಲ್ಲಿ ವ್ಯಕ್ತಿಯ ಸ್ಥಾನ ನೋಡಿದರು. ಗುಂಪಿನ ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15. ಸುಮಾರು 68% ಜನ 85ರಿಂದ 115ರೊಳಗೆ, 70ಕ್ಕಿಂತ ಕೆಳಗೆ 2%ಗಿಂತ ತುಸು ಹೆಚ್ಚು. ಹೀಗಾಗಿ ಐಕ್ಯೂ ಎತ್ತರ, ತೂಕದಂಥ ಪ್ರಮಾಣವಲ್ಲ, ಸಾಲಿನಲ್ಲಿ ನಿಂತ ಜಾಗ. 140 ಬಂದವರಿಗೆ 70ರವರ ಎರಡರಷ್ಟು ಬುದ್ಧಿ ಎನ್ನಲಾಗದು.

ಆ ಸಾಲಿನಲ್ಲಿ ಯಾರಿದ್ದಾರೆ ಎಂಬುದೇ ಮುಖ್ಯ. ಅಮೆರಿಕದಲ್ಲಿ ಸರಾಸರಿ ಅಂಕ ದಶಕಕ್ಕೆ ಸುಮಾರು ಮೂರರಂತೆ ಏರಿದ್ದನ್ನು ಸಂಶೋಧಕ ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಅಂದರೆ ಅಲ್ಲಿ ಇಪ್ಪತ್ತು ವರ್ಷ ಹಳೆಯ ಗುಂಪಿಗೆ ಹೋಲಿಸಿದರೆ ಐಕ್ಯೂ ಆರರಷ್ಟು ಉಬ್ಬುತ್ತದೆ. ಹಾಗಿರುವಾಗ 1930ರ ದಶಕದ ಧಾರವಾಡದ ಮಕ್ಕಳಿಗೆ ಇಂದಿನ ಬೆಂಗಳೂರಿನ ಮಗುವನ್ನು ಹೋಲಿಸಿ ಬಂದ ಅಂಕವನ್ನು ಅಕ್ಷರಶಃ ನಂಬಲಾಗದು.

ಒಳ್ಳೆಯ ಪರೀಕ್ಷೆಯಲ್ಲೂ ದೋಷದ ಅಂಚು ಇರುತ್ತದೆ. ವಿಶ್ವಾಸಾರ್ಹತೆ, ಅಂದರೆ ಮತ್ತೆ ಅಳೆದಾಗಲೂ ಅದೇ ಅಂಕ ಬರುವ ಗುಣ, ಒಂದಕ್ಕೆ 0.96 ಇದ್ದರೆ ಮಾನಕ ದೋಷ (ಅಂಕ ಸಾಮಾನ್ಯವಾಗಿ ತಪ್ಪುವ ಪ್ರಮಾಣ) 3. ಅದರ ಎರಡರಷ್ಟನ್ನು ಆಚೀಚೆ ಬಿಟ್ಟು, 70 ಎಂಬ ಅಂಕವನ್ನು 64ರಿಂದ 76ರೊಳಗೆ ಎಲ್ಲೋ ಎಂದು ಓದಬೇಕು. ಹೀಗಿದ್ದೂ 69ಕ್ಕೆ ಒಂದು ಹಣೆಪಟ್ಟಿ, 71ಕ್ಕೆ ಇನ್ನೊಂದು ಹಚ್ಚುವವರಿದ್ದಾರೆ. ಬೌದ್ಧಿಕ ಅಸಾಮರ್ಥ್ಯದ ತೀವ್ರತೆಯನ್ನು ಐಕ್ಯೂನಿಂದಲ್ಲ, ದಿನಬಳಕೆಯ ಸಾಮರ್ಥ್ಯದಿಂದ ನಿರ್ಧರಿಸಬೇಕೆಂದು ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಹೇಳುತ್ತದೆ. ತಾನೇ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುತ್ತದೆಯೇ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುತ್ತದೆಯೇ, ಒಬ್ಬಂಟಿಯಾಗಿ ಬಸ್ ಹತ್ತುತ್ತದೆಯೇ ಎಂದು ಮಗುವನ್ನು ದಿನವೂ ನೋಡುವವರನ್ನು ಕೇಳಿ ತಿಳಿಯುವ ಈ ಭಾಗಕ್ಕೂ ಪರೀಕ್ಷೆಯಷ್ಟೇ ಸಮಯ ಬೇಕು. ಗಡಿಬಿಡಿಯ ಹೊರರೋಗಿ ವಿಭಾಗಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.