ಕನೆಕ್ಷನ್ ಪೂಲ್ ಅಂದರೆ ಏನು, ಅದರ ಲೆಕ್ಕ ಎಲ್ಲಿ ತಪ್ಪುತ್ತದೆ

ವೆಬ್ ಫ್ರೇಮ್‌ವರ್ಕ್‌ಗೆ ಡೇಟಾಬೇಸ್ ಜೋಡಿಸುವಾಗ ಎಲ್ಲರೂ ತುಂಬುವುದು ಹೋಸ್ಟ್, ಪೋರ್ಟ್, ಡೇಟಾಬೇಸ್ ಹೆಸರು, ಯೂಸರ್ ಮತ್ತು ಪಾಸ್‌ವರ್ಡ್. ಪೋಸ್ಟ್‌ಗ್ರೆಸ್ ಆದರೆ ಪೋರ್ಟ್ ಸಾಮಾನ್ಯವಾಗಿ 5432, ಮೈಎಸ್‌ಕ್ಯೂಎಲ್ ಆದರೆ 3306. ಇಷ್ಟು ಸರಿ ಇದ್ದರೆ ಆ್ಯಪ್ ಓಡುತ್ತದೆ. ಪೂಲ್ ಎಂಬ ಸೆಟ್ಟಿಂಗ್ ಮುಟ್ಟದಿದ್ದರೂ ಓಡುತ್ತದೆ. ಅದಕ್ಕೇ ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಬಳಕೆದಾರರು ಜಾಸ್ತಿಯಾದ ದಿನ ಮಾತ್ರ ಅದರ ನೆನಪಾಗುತ್ತದೆ.

ಕನೆಕ್ಷನ್ ಪೂಲ್ ಎಂದರೆ ಮೊದಲೇ ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಒಂದು ಸಣ್ಣ ಗುಂಪು. ಲೈಬ್ರರಿಯ ಪುಸ್ತಕದ ಹಾಗೆ, ಬೇಕಾದಾಗ ಒಂದನ್ನು ಪಡೆಯುವುದು, ಕೆಲಸ ಮುಗಿದ ಮೇಲೆ ಮರಳಿಸುವುದು. ಎಲ್ಲವೂ ಹೊರಗೆ ಹೋಗಿದ್ದರೆ ಮುಂದಿನ ರಿಕ್ವೆಸ್ಟ್ ಕಾಯುತ್ತದೆ. ಕಾಯುವ ಅವಧಿ ಮೀರಿದರೆ ಎರರ್ ಬರುತ್ತದೆ.

ಪ್ರತಿ ಸಲ ಹೊಸ ಕನೆಕ್ಷನ್ ತೆರೆದರೆ ಆಗದೇ? ಆಗುತ್ತದೆ, ಆದರೆ ಅದು ಅಗ್ಗದ ಕೆಲಸವಲ್ಲ. ನೆಟ್‌ವರ್ಕ್ ಸಂಪರ್ಕ ಏರ್ಪಡಬೇಕು, ಎನ್‌ಕ್ರಿಪ್ಶನ್ ಇದ್ದರೆ ಅದರ ಮಾತುಕತೆ ಮುಗಿಯಬೇಕು, ಪಾಸ್‌ವರ್ಡ್ ಪರಿಶೀಲನೆ ಆಗಬೇಕು. ಪೋಸ್ಟ್‌ಗ್ರೆಸ್ ಅಂತೂ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಚಿಕ್ಕ ಕ್ವೆರಿಗಳ, ಅಂದರೆ ಡೇಟಾಬೇಸ್‌ಗೆ ಕೇಳುವ ಚಿಕ್ಕ ಪ್ರಶ್ನೆಗಳ ವಿಷಯದಲ್ಲಿ ಕ್ವೆರಿ ಓಡುವ ಸಮಯಕ್ಕಿಂತ ಈ ಸಿದ್ಧತೆಗೇ ಹೆಚ್ಚು ಹೊತ್ತು ಹಿಡಿಯಬಹುದು.

ಹೆಚ್ಚಿನವರು ಪೂಲ್ ಅನ್ನು ವೇಗದ ಉಪಾಯ ಅಂತಷ್ಟೇ ತಿಳಿದಿರುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾಗಿ ಅದೊಂದು ಮಿತಿ. ಒಂದೇ ಹೊತ್ತಿಗೆ ಡೇಟಾಬೇಸ್ ಮೇಲೆ ಎಷ್ಟು ಜನ ಬೀಳಬಹುದು ಅನ್ನುವುದನ್ನು ಅದು ತೀರ್ಮಾನಿಸುತ್ತದೆ.

ಫ್ರೇಮ್‌ವರ್ಕ್‌ಗಳು ಇದನ್ನು ಒಂದೇ ರೀತಿ ನೋಡಿಕೊಳ್ಳುವುದಿಲ್ಲ. ಪೈಥಾನ್‌ನ ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಎಲ್‌ಆಲ್ಕೆಮಿಯ ಮಾಮೂಲಿ ಪೂಲ್ 5 ಕನೆಕ್ಷನ್‌ಗಳದ್ದು. ಒತ್ತಡ ಬಂದರೆ ಇನ್ನೂ 10 ತೆರೆಯುತ್ತದೆ, ಅದೂ ಮುಗಿದರೆ 30 ಸೆಕೆಂಡ್ ಕಾಯಿಸುತ್ತದೆ. ಜಾವಾದ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ 2.0ರಿಂದ ಹಿಕಾರಿಸಿಪಿ ಎಂಬ ಪೂಲ್ ಲೈಬ್ರರಿ ಬಳಸುತ್ತದೆ, ಅದರ ಮಾಮೂಲಿ ಗರಿಷ್ಠ ಮಿತಿ 10. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋದ ಕಥೆ ಬೇರೆ. ಏನೂ ಬದಲಾಯಿಸದಿದ್ದರೆ ಅದು ಪ್ರತಿ ರಿಕ್ವೆಸ್ಟ್ ಕೊನೆಗೆ ಕನೆಕ್ಷನ್ ಮುಚ್ಚಿಬಿಡುತ್ತದೆ. ಕಾನ್ ಮ್ಯಾಕ್ಸ್ ಏಜ್ ಎಂಬ ಸೆಟ್ಟಿಂಗ್‌ನಲ್ಲಿ ಇಷ್ಟು ಸೆಕೆಂಡ್ ಅಂತ ಕೊಟ್ಟರೆ ಕನೆಕ್ಷನ್ ಅಷ್ಟು ಹೊತ್ತು ಉಳಿಯುತ್ತದೆ. ಆದರೆ ಅದು ಪೂಲ್ ಅಲ್ಲ. ಅಲ್ಲಿ ಪ್ರತಿ ಥ್ರೆಡ್ (ಪ್ರೊಸೆಸ್‌ನೊಳಗೆ ಓಡುವ ಒಂದು ಕೆಲಸದ ಎಳೆ) ತನ್ನದೇ ಕನೆಕ್ಷನ್ ಹಿಡಿದು ಕೂರುತ್ತದೆ, ಯಾರ ಜೊತೆಗೂ ಹಂಚಿಕೊಳ್ಳುವುದಿಲ್ಲ. ನಿಜವಾದ ಪೂಲ್ ಜಾಂಗೋಗೆ ಬಂದದ್ದು 2024ರಲ್ಲಿ, 5.1 ಆವೃತ್ತಿಯಲ್ಲಿ. ಅದೂ ಪೋಸ್ಟ್‌ಗ್ರೆಸ್‌ಗೆ ಮಾತ್ರ, ಸೈಕೊಪಿಜಿ 3 ಎಂಬ ಡೇಟಾಬೇಸ್ ಡ್ರೈವರ್ ಇದ್ದರೆ.

ಲೆಕ್ಕ ತಪ್ಪುವ ಜಾಗ ಈಗ ಬಂತು. ಪೂಲ್‌ನ ಸಂಖ್ಯೆ ಇಡೀ ಆ್ಯಪ್‌ಗೆ ಅಲ್ಲ, ಒಂದೊಂದು ಪ್ರೊಸೆಸ್‌ಗೆ. ಎರಡು ಸರ್ವರ್ ಇವೆ, ಒಂದೊಂದರಲ್ಲಿ ರಿಕ್ವೆಸ್ಟ್‌ಗಳನ್ನು ನಿಭಾಯಿಸುವ ನಾಲ್ಕು ವರ್ಕರ್ ಪ್ರೊಸೆಸ್ ಇವೆ ಅನ್ನೋಣ. ಎಸ್‌ಕ್ಯೂಎಲ್‌ಆಲ್ಕೆಮಿಯ ಮಾಮೂಲಿ 5 ಮತ್ತು 10 ಸೇರಿಸಿದರೆ ಪ್ರತಿ ವರ್ಕರ್ 15 ಕನೆಕ್ಷನ್‌ವರೆಗೆ ತೆರೆಯಬಲ್ಲದು. ಒಟ್ಟು 120 ಆಯಿತು. ಪೋಸ್ಟ್‌ಗ್ರೆಸ್‌ನ ಮಾಮೂಲಿ ಮಿತಿ 100, ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು. ಮೈಎಸ್‌ಕ್ಯೂಎಲ್‌ನಲ್ಲಿ ಈ ಮಿತಿ 151. ಸೆಟ್ಟಿಂಗ್ ಫೈಲ್‌ನಲ್ಲಿ ಕಾಣುವುದು 5 ಮತ್ತು 10 ಅನ್ನುವ ಪುಟ್ಟ ಸಂಖ್ಯೆಗಳು, ಡೇಟಾಬೇಸ್ ಎದುರಿಸುವುದು 120. ಹಿನ್ನೆಲೆಯಲ್ಲಿ ಓಡುವ ಜಾಬ್‌ಗಳು, ಡೇಟಾಬೇಸ್‌ನ ರಚನೆ ಬದಲಿಸುವ ಮೈಗ್ರೇಶನ್, ಯಾರೋ ತೆರೆದಿಟ್ಟ ಕನ್ಸೋಲ್, ಇವೆಲ್ಲ ಬೇರೆ. ಹೊಸ ಆವೃತ್ತಿ ಡಿಪ್ಲಾಯ್ ಆಗುವಾಗ ಹಳೆಯ ಮತ್ತು ಹೊಸ ಪ್ರೊಸೆಸ್‌ಗಳು ಸ್ವಲ್ಪ ಹೊತ್ತು ಒಟ್ಟಿಗೇ ಇದ್ದರೆ ಲೆಕ್ಕ ದುಪ್ಪಟ್ಟಾಗಬಹುದು. ದಿನವಿಡೀ ಸುಮ್ನಿದ್ದ ಆ್ಯಪ್ ಸರಿಯಾಗಿ ಡಿಪ್ಲಾಯ್ ಹೊತ್ತಿಗೇ ‘ಟೂ ಮೆನಿ ಕ್ಲೈಂಟ್ಸ್’ ಅಂತ ಕೂಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಡೇಟಾಬೇಸ್ ಮಿತಿಯನ್ನು 1000ಕ್ಕೆ ಏರಿಸಿದರಾಯಿತು, ಅಲ್ವಾ? ದಯವಿಟ್ಟು ಬೇಡ. ಎಂಟು ಕೋರ್‌ಗಳ ಯಂತ್ರ ಒಂದು ಕ್ಷಣದಲ್ಲಿ ಎಂಟು ಕೆಲಸಗಳನ್ನಷ್ಟೇ ಓಡಿಸಬಲ್ಲದು. ಮುನ್ನೂರು ಕ್ವೆರಿ ಒಟ್ಟಿಗೆ ನುಗ್ಗಿದರೆ ಅವು ಕೋರ್‌ಗಾಗಿ, ಲಾಕ್‌ಗಾಗಿ, ಮೆಮೊರಿಗಾಗಿ ಪರಸ್ಪರ ಅಡ್ಡಿಯಾಗುತ್ತವೆ, ಎಲ್ಲವೂ ನಿಧಾನವಾಗುತ್ತವೆ. ಡೇಟಾಬೇಸ್ ಒಳಗೆ ನುಗ್ಗಾಡುವುದಕ್ಕಿಂತ ಪೂಲ್‌ನ ಹೊರಗೆ ಸಾಲಿನಲ್ಲಿ ನಿಲ್ಲುವುದೇ ಎಷ್ಟೋ ಸಲ ಬೇಗ ಕೆಲಸ ಮುಗಿಸುತ್ತದೆ. ಕೋರ್‌ಗಳ ಸಂಖ್ಯೆಯ ಎರಡರಷ್ಟು, ಜೊತೆಗೆ ಡಿಸ್ಕ್‌ಗಳ ಸಂಖ್ಯೆ, ಇದು ಪೋಸ್ಟ್‌ಗ್ರೆಸ್ ಬಳಗದಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಅಲ್ಲಿಂದ ಶುರುಮಾಡಿ ಅಳೆಯುತ್ತಾ ಹೋಗಬಹುದು.

ಪೂಲ್ ಖಾಲಿಯಾಯಿತು ಅಂದ ಮಾತ್ರಕ್ಕೆ ಅದು ಚಿಕ್ಕದಾಯಿತು ಅಂತಲೂ ಅಲ್ಲ. ಯಾರೋ ಕನೆಕ್ಷನ್ ಪಡೆದು ಬಿಡದೇ ಇರಬಹುದು. ಟ್ರಾನ್ಸಾಕ್ಷನ್ (ಎಲ್ಲವೂ ಒಟ್ಟಿಗೇ ಆಗಬೇಕಾದ ಡೇಟಾಬೇಸ್ ಕೆಲಸಗಳ ಗುಂಪು) ತೆರೆದಿಟ್ಟು, ಮಧ್ಯದಲ್ಲಿ ಬೇರೊಂದು ಸೇವೆಯ ಎಪಿಐ ಕರೆದು, ಅದರ ಉತ್ತರಕ್ಕೆ ಮೂರು ಸೆಕೆಂಡ್ ಕಾಯುವ ಕೋಡ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಮೂರು ಸೆಕೆಂಡ್ ಕನೆಕ್ಷನ್ ಏನೂ ಮಾಡುತ್ತಿರುವುದಿಲ್ಲ, ಆದರೆ ಬೇರೆಯವರಿಗೂ ಸಿಗುವುದಿಲ್ಲ. ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ನೋಟದಲ್ಲಿ ಇಂಥವು ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂಬ ಸ್ಥಿತಿಯಲ್ಲಿ ಸಿಕ್ಕಿಬೀಳುತ್ತವೆ. ಪೂಲ್ ದೊಡ್ಡದು ಮಾಡುವ ಮೊದಲು ಇದನ್ನು ನೋಡಲೇಬೇಕು.

ಸತ್ತ ಕನೆಕ್ಷನ್‌ಗಳದ್ದು ಇನ್ನೊಂದು ತೊಂದರೆ. ಮೈಎಸ್‌ಕ್ಯೂಎಲ್ 28800 ಸೆಕೆಂಡ್, ಅಂದರೆ 8 ಗಂಟೆ ಕೆಲಸವಿಲ್ಲದ ಕನೆಕ್ಷನ್ ಅನ್ನು ತಾನೇ ಮುಚ್ಚುತ್ತದೆ. ಪೂಲ್‌ಗೆ ಅದು ಗೊತ್ತಿರುವುದಿಲ್ಲ. ರಾತ್ರಿಯಿಡೀ ಯಾರೂ ಬಾರದ ಸೈಟ್‌ನಲ್ಲಿ ಬೆಳಗಿನ ಮೊದಲ ರಿಕ್ವೆಸ್ಟ್ ಫೇಲ್ ಆಗುವುದು ಹೀಗೆ. ಎಸ್‌ಕ್ಯೂಎಲ್‌ಆಲ್ಕೆಮಿಯ ಪೂಲ್ ಪ್ರೀ ಪಿಂಗ್ ಆನ್ ಮಾಡಿದರೆ, ಕೊಡುವ ಮೊದಲು ಕನೆಕ್ಷನ್ ಬದುಕಿದೆಯೇ ಅಂತ ಅದು ಕೇಳಿ ನೋಡುತ್ತದೆ. ಜಾಂಗೋದಲ್ಲಿ 4.1ರಿಂದ ಇಂಥದ್ದೇ ಹೆಲ್ತ್ ಚೆಕ್ ಇದೆ.

ಪ್ರೊಸೆಸ್‌ಗಳು ತೀರಾ ಹೆಚ್ಚಾದಾಗ ಒಂದೊಂದರ ಪೂಲ್ ಎಷ್ಟು ಚಿಕ್ಕದು ಮಾಡಿದರೂ ಸಾಲುವುದಿಲ್ಲ. ಆಗ ಪಿಜಿಬೌನ್ಸರ್‌ನಂಥ ಹೊರಗಿನ ಪೂಲ್ ಬೇಕು. ಆ್ಯಪ್ ಅದಕ್ಕೆ 6432 ಪೋರ್ಟ್‌ನಲ್ಲಿ ಸೇರುತ್ತದೆ, ಅದು ಡೇಟಾಬೇಸ್‌ಗೆ ಕೆಲವೇ ಕನೆಕ್ಷನ್ ತೆರೆಯುತ್ತದೆ. ಅದರ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಪ್ರತಿ ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಬೇರೆಯವರ ಕೈಗೆ ಹೋಗುತ್ತದೆ. ಹಾಗಾಗಿ ಸೆಶನ್‌ಗೆ, ಅಂದರೆ ಒಂದೇ ಕನೆಕ್ಷನ್‌ಗೆ ಅಂಟಿಕೊಂಡಿರುವ ಲಿಸನ್‌ನಂಥ (ಡೇಟಾಬೇಸ್ ಕಳಿಸುವ ಸೂಚನೆಗೆ ಕಾಯುವ) ಸೌಲಭ್ಯಗಳನ್ನು ಅಲ್ಲಿ ನೆಚ್ಚಬಾರದು. ಅವು ಬೇಕಿರುವ ಕೋಡ್‌ಗೆ ಡೇಟಾಬೇಸ್‌ನ ನೇರ ವಿಳಾಸ ಕೊಟ್ಟು, ಆ ಕನೆಕ್ಷನ್‌ಗಳನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.